ಹೌಸಿಂಗ್ ಮುರಿದಾಕಿ

ತವರಿನಿಂದ ನನಗೆ ಬಂದ ಬಿರುದು ಒಂದೇ: ಹೌಸಿಂಗ್ ಮುರಿದಾಕಿ. ಕೊಟ್ಟವನು ನಮ್ಮಣ್ಣ. ಜಗಳೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ಇಬ್ಬರು ಮೊಮ್ಮಕ್ಕಳನ್ನು ಕಂಡಿದ್ದಾನೆ. ಆದರೂ ನಾನು ಅವನ ಬಾಗಿಲಿಗೆ ಬಂದರೆ ಸಾಕು, "ಬಂದಳ್ರಪ್ಪ ಹೌಸಿಂಗ್ ಮುರಿದಾಕಿ, ಗಾಡಿ ಕೀಲಿ ಬಚ್ಚಿಡ್ರಿ" ಎಂದು ಕೂಗುವುದನ್ನು ಮಾತ್ರ ಬಿಟ್ಟಿಲ್ಲ. ಬೀಗರ ಮುಂದೆ ಕೂಗಿದ್ದಾನೆ, ನನ್ನ ಗಂಡನ ಮುಂದೆ ಕೂಗಿದ್ದಾನೆ, ಒಮ್ಮೆ ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬಂದ ಹೆಂಗಸರ ಮುಂದೆಯೂ ಕೂಗಿದ್ದಾನೆ. ನಾನು ಎಲ್ಲರ ಜೊತೆ ನಗುತ್ತಿದ್ದೆ. ಒಳಗೆ ಮಾತ್ರ ಚುರ್ ಎನ್ನುತ್ತಿತ್ತು.

ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ, ಹೊಟ್ಟೆಯ ಕೆಳಗೆ, ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗಂಟು ಕಾಣುತ್ತದಲ್ಲ, ಅದೇ ಹೌಸಿಂಗ್. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವೂ ಪಿನಿಯನ್ ಎಂಬ ಚಿಕ್ಕದೂ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಇಂಜಿನ್ನಿನ ತಿರುಗುಬಲ ಅಲ್ಲಿಗೆ ಬಂದು ಎರಡೂ ಚಕ್ರಗಳಿಗೆ ಹಂಚಿಕೆಯಾಗುತ್ತದೆ. ಆ ಕ್ರೌನಿನ ಹಲ್ಲನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮುರಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಒಪ್ಪಿದವರಲ್ಲಿ ಮೊದಲನೆಯವಳು ನಾನೇ.

ಕಾರು ಅಪ್ಪನದು. ಕೆನೆ ಬಣ್ಣದ ಅಂಬಾಸಿಡರ್. ಆಗ ಅದು ಬಾಡಿಗೆ ಗಾಡಿ, ಚನ್ನಗಿರಿ ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಹೆರಿಗೆಗೆ, ಹೆಣ್ಣು ನೋಡುವುದಕ್ಕೆ, ದಾವಣಗೆರೆ ಆಸ್ಪತ್ರೆಗೆ, ಎಲ್ಲದಕ್ಕೂ ಅಪ್ಪನೇ ಬೇಕು. ಬೇರೆ ಡ್ರೈವರುಗಳು ತಮ್ಮ ಗಾಡಿಯಲ್ಲಿ ಏನಾದರೂ ಸದ್ದು ಬಂದರೆ ಮೆಕ್ಯಾನಿಕ್ಕಿಗಿಂತ ಮೊದಲು ಅಪ್ಪನ ಹತ್ತಿರ ತರುತ್ತಿದ್ದರು. ಅಪ್ಪ ಕಣ್ಣು ಮುಚ್ಚಿಕೊಂಡು ಒಂದು ಫರ್ಲಾಂಗು ಕೂತು ಬಂದು, "ಎಡಗಡೆ ಬೇರಿಂಗು ಹೋಗೈತೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಎಡಗಡೆ ಬೇರಿಂಗೇ ಹೋಗಿರುತ್ತಿತ್ತು.

ನನಗೆ ಗಾಡಿ ಕಲಿಸಿದವನೂ ಅಪ್ಪನೇ. ಹೆಣ್ಣುಮಗಳಿಗೆ ಯಾಕೆ ಎಂದು ಅವ್ವ ಗೊಣಗಿದಾಗ, "ಹೊಲಿಗೆ ಮಿಷನ್ ತುಳಿಯೋ ಕಾಲಿಗೆ ಕ್ಲಚ್ಚು ಏನು ಭಾರ" ಎಂದಿದ್ದ. ಆ ವರ್ಷ ದೀಪಾವಳಿ ಕಳೆದ ಮೇಲೆ ಅವ್ವನ ತಂಗಿಯನ್ನು ನ್ಯಾಮತಿಗೆ ಬಿಟ್ಟು ಬರಲು ಹೊರಟೆವು. ಹೊನ್ನಾಳಿಯವರೆಗೆ ಅಪ್ಪ ಓಡಿಸಿದ. ಹೊನ್ನಾಳಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದ ಮೇಲೆ ಸ್ಟೇರಿಂಗ್ ನನಗೆ ಕೊಟ್ಟ. ನಾನು ರಾಣಿಯ ಹಾಗೆ ಕೂತೆ. ನ್ಯಾಮತಿ ಇನ್ನೂ ದೂರವಿದ್ದಾಗಲೇ ಒಂದು ನಾಲೆಯ ಏರಿನಲ್ಲಿ ಎದುರಿಗೆ ಹುಲ್ಲಿನ ಗಾಡಿ ಬಂತು. ನಿಲ್ಲಿಸಿದೆ. ಮತ್ತೆ ಹೊರಡಿಸುವಾಗ ಗಾಡಿ ಹಿಂದಕ್ಕೆ ಜಾರಿತು. ಹೆದರಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಕೆಳಗಿನಿಂದ "ಕಟ್" ಎಂದು ಒಂದು ಸದ್ದು ಬಂತು. ಆಮೇಲೆ ಗಾಡಿ ಚಲಿಸಿದಷ್ಟು ಹೊತ್ತೂ ಹಿಂದಿನಿಂದ ಊಳಿಡುವ ಸದ್ದು.

"ಇಳಿ" ಎಂದ ಅಪ್ಪ. ಅಷ್ಟೇ. ಬೈಯಲಿಲ್ಲ. ತಾನು ಕೂತು ನ್ಯಾಮತಿಯವರೆಗೂ ಅಲ್ಲಿಂದ ಚನ್ನಗಿರಿಯವರೆಗೂ ನಡೆದುಕೊಂಡು ಹೋಗುವವರ ವೇಗದಲ್ಲಿ ಓಡಿಸಿದ. ಅವತ್ತು ನನ್ನ ಕೈಯಿಂದ ತೆಗೆದುಕೊಂಡ ಕೀಲಿಯನ್ನು ಮತ್ತೆಂದೂ ಕೊಡಲಿಲ್ಲ. ಎರಡು ತಿಂಗಳಲ್ಲಿ ಟ್ಯಾಕ್ಸಿ ಬೋರ್ಡನ್ನೂ ತೆಗೆಸಿದ. ಸ್ವಂತ ಗಾಡಿಯ ಮನುಷ್ಯ ಅಡಿಕೆ ಮಂಡಿಯೊಂದರ ಲಾರಿಗೆ ಡ್ರೈವರನಾಗಿ ಸೇರಿದ. ಅಂಬಾಸಿಡರ್ ಮನೆಯ ಹಿತ್ತಲಿನ ಶೆಡ್ಡು ಸೇರಿತು. ನಾನು ಒಂದು ಕ್ಲಚ್ಚು ಬಿಟ್ಟದ್ದಕ್ಕೆ ಅಪ್ಪ ಇನ್ನೊಬ್ಬರ ಗಾಡಿ ಓಡಿಸುವಂತಾಯಿತು. ಇದು ಮೂವತ್ತಮೂರು ವರ್ಷ ನನ್ನ ಎದೆಯ ಮೇಲೆ ಕೂತಿತ್ತು. ಅಣ್ಣ ತಮಾಷೆ ಮಾಡಿದಾಗಲೆಲ್ಲ ಒಂದಿಂಚು ಕೆಳಗೆ ಒತ್ತುತ್ತಿತ್ತು.

ಹಾಗಂತ ಅಪ್ಪ ಅದನ್ನು ಮಾರಲೂ ಇಲ್ಲ. ಸಂತೆಗೆ, ಮದುವೆಗೆ, ತಾಲ್ಲೂಕಿನೊಳಗೆ ಎಲ್ಲಾದರೂ ಒಬ್ಬನೇ ಹೋಗಲು ಹೊರತೆಗೆಯುತ್ತಿದ್ದ. ನಲವತ್ತರ ಮೇಲೆ ಮುಳ್ಳು ಏರಲು ಬಿಡುತ್ತಿರಲಿಲ್ಲ. "ಯಜಮಾನ್ರೇ, ಎತ್ತಿನ ಗಾಡಿ ಹಾರನ್ ಹೊಡಿತೈತೆ, ಸೈಡ್ ಕೊಡ್ರಿ" ಎಂದು ಊರವರು ಗೇಲಿ ಮಾಡುತ್ತಿದ್ದರು. ಅಪ್ಪ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಕಿವಿ ಹಿಂದಿನ ಸೀಟಿನ ಕಡೆ ಇಟ್ಟುಕೊಂಡೇ ಓಡಿಸುತ್ತಿದ್ದ. ಬೇರೆಯವರ ಗಾಡಿಯಲ್ಲಿ ಕೂತರೂ ಅಷ್ಟೇ. ಚಲಿಸುವ ಗಾಡಿಯಲ್ಲಿ ಅಪ್ಪ ತೂಕಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಅವ್ವ ಹೋದ ಮೇಲೆ ನಾನೂ ನನ್ನ ಗಂಡನೂ ಅಪ್ಪನ ಜೊತೆಯೇ ಇದ್ದೇವೆ, ಚನ್ನಗಿರಿಯ ಅದೇ ಹಳೆಯ ಮನೆಯಲ್ಲಿ. ಅವನಿಗೆ ಎಂಬತ್ತೆರಡು ದಾಟಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಗಾಡಿ ಮುಟ್ಟಿಲ್ಲ. ಅಣ್ಣ ಜಗಳೂರಿಗೆ ಕರೆದೂ ಕರೆದೂ ಸೋತ. ಬಸ್ಸಿಗೆ ಸೊಂಟ ಒಪ್ಪುವುದಿಲ್ಲ. ನಮ್ಮ ಸಣ್ಣ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ, "ಆ ಕಾರ್ನಾಗೆ ಕೂತ್ರೆ ಮಂಡಿ ಮೂಗಿಗೆ ತಾಗ್ತಾವೆ. ಹೋದ್ರೆ ನನ್ನ ಗಾಡ್ಯಾಗೆ" ಎಂಬ ಹಟ. ಸರಿ, ಕೀಲಿ ಕೊಡು, ಅಂಬಾಸಿಡರನ್ನೇ ಓಡಿಸುತ್ತೇನೆಂದರೆ, "ಬ್ಯಾಡ." ಹೀಗೆ ನಾಲ್ಕು ವರ್ಷ ಅವನು ಮಗನ ಮನೆಯ ಹೊಸ್ತಿಲು ತುಳಿಯಲಿಲ್ಲ. ಮರಿಮಕ್ಕಳನ್ನು ಫೋನಿನಲ್ಲೇ ನೋಡಿದ.

ಹೋದ ಮಾಘದಲ್ಲಿ ನನಗೆ ರೇಗಿಹೋಯಿತು. ಊರಿನ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಅಲುಗಾಡಿಸಿ, "ಪ್ಲೇ ಜಾಸ್ತಿ ಐತ್ರಿ ಅಕ್ಕಾರೆ. ಹಲ್ಲು ಹೋಗಿರಬೇಕು. ಇದನ್ನ ಬಿಚ್ಚಾಕೆ ಯಾರಿಗೈತ್ರಿ ಪುರುಸೊತ್ತು? ಗುಜರಿಗೆ ಹಾಕ್ರಿ" ಎಂದ. ಅವನಿಗೆ ಚಹಾ ಕುಡಿಸಿ ಕಳಿಸಿದೆ. ಅಪ್ಪನ ಮುಂದೆ ನಿಂತೆ.

"ನಾನೇ ಬಿಚ್ಚತೀನಿ" ಎಂದೆ.

"ಬ್ಯಾಡ. ಮುಚ್ಚಿದ್ದು ಮುಚ್ಚಿದಂಗೇ ಇರ್ಲಿ."

"ಹಲ್ಲು ಮುರಿದಿದ್ರೆ ಮುರಿದಾಕಿ ನಾನೇ ಅಂತ ಕಣ್ಣಾರೆ ನೋಡ್ತೀನಿ. ಮುರಿದಿಲ್ಲಾಂದ್ರೆ ನಾನಲ್ಲ. ನನಗೂ ಐವತ್ತೆರಡಾತಪ್ಪ. ಇನ್ನೆಷ್ಟು ವರ್ಷ ಅನ್ನಿಸಿಕೊಳ್ಳಲಿ?"

ಅಪ್ಪ ಎದ್ದು ಹಿತ್ತಲಿಗೆ ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಒಲೆಯ ಪಕ್ಕದಲ್ಲಿ, ಕಾಫಿ ಡಬ್ಬಿಯ ಮೇಲೆ, ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆಯ ಬೀಗದ ಕೈ ಇಟ್ಟಿದ್ದ.

ಭಾನುವಾರ ಅಂಗಡಿ ಮುಚ್ಚಿದೆ. ನಾನು ಹೊಲಿಗೆಯವಳು ನಿಜ, ಆದರೆ ಹೊಲಿಗೆ ಮಿಷನ್ನುಗಳನ್ನು ರಿಪೇರಿ ಮಾಡುವವಳೂ ಹೌದು. ಚಿಕ್ಕಂದಿನಲ್ಲಿ ಅಪ್ಪ ಗಾಡಿಯ ಕೆಳಗಿನಿಂದ ಕೈ ಚಾಚಿ ನಂಬರು ಹೇಳಿದರೆ ಆ ಪಾನಾ ಕೊಡುತ್ತಿದ್ದವಳೂ ನಾನೇ. ನಮ್ಮ ಮನೆಯವರು ತಾಲ್ಲೂಕು ಕಚೇರಿಯಿಂದ ನಿವೃತ್ತರು. ಬೋಲ್ಟಿಗೂ ನಟ್ಟಿಗೂ ವ್ಯತ್ಯಾಸ ತಿಳಿಯದು. ಆದರೆ ಫೋನಿನಲ್ಲಿ ಯಾವುದೋ ದೇಶದ ಬಿಳಿಯ ಮುದುಕನೊಬ್ಬ ಇಂಥದೇ ಹೌಸಿಂಗ್ ಬಿಚ್ಚುವುದನ್ನು ಮೂರು ಸಲ ನೋಡಿ, ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಮೊದಲು ಕಾಫಿ ಕುಡೀಬೇಕು. ಅವನೂ ಕುಡೀತಾನೆ" ಎಂದರು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಎರಡೂ ಕಡೆ ಮರದ ದಿಮ್ಮಿ ಇಟ್ಟೆವು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನಮಗೆ ಬೆನ್ನು ಮಾಡಿ, ಪೇಪರ್ ಹಿಡಿದು ಕೂತ. ಹೌಸಿಂಗಿನ ಕೆಳಗೆ ಹಳೆಯ ಬೋಗುಣಿ ಇಟ್ಟು ಎಣ್ಣೆ ಇಳಿಸಿದೆ. ಕಪ್ಪು ಗಂಜಿಯಂತೆ ನಿಧಾನಕ್ಕೆ ಇಳಿಯಿತು. ಕೊಳೆತ ಬೆಳ್ಳುಳ್ಳಿಯ ವಾಸನೆ. ಅಂಗಡಿಯಲ್ಲಿ ನೆಲಕ್ಕೆ ಬಿದ್ದ ಸೂಜಿ ಹೆಕ್ಕಲು ನನ್ನ ಬಳಿ ಒಂದು ಅಯಸ್ಕಾಂತ ಇದೆ. ಅದಕ್ಕೆ ದಾರ ಕಟ್ಟಿ ಎಣ್ಣೆಯಲ್ಲಿ ಆಡಿಸಿದೆ. ಹಲ್ಲು ಮುರಿದಿದ್ದರೆ ಚೂರುಗಳು ಹತ್ತಬೇಕು.  ಮೇಲೆತ್ತಿದರೆ ಹಿಟ್ಟಿನಂಥ ನುಣ್ಣನೆಯ ಕೆಸರು, ಅಷ್ಟೇ.

"ಚೂರಿಲ್ರೀ!" ಎಂದು ಕಿರುಚಿದೆ.

"ಚೂರು ತಳದಾಗೆ ಕೂತಿರ್ತಾವೆ, ಕುಣೀಬ್ಯಾಡ" ಎಂದರು ನಮ್ಮ ಮನೆಯವರು. ಇಂಥ ಹೊತ್ತಿನಲ್ಲೂ ಅವರಿಗೆ ನನ್ನ ಸಂತೋಷಕ್ಕೆ ತಣ್ಣೀರು ಸುರಿಯದಿದ್ದರೆ ಆಗದು.

ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ ತೆಗೆದು, ಎರಡೂ ಬದಿಯ ಆಕ್ಸಲ್ ಸರಳುಗಳನ್ನು ಹೊರಗೆ ಎಳೆದೆವು. ಬಿಚ್ಚಿದ ನಟ್ಟುಗಳನ್ನು ಹಾಕಲು ನನ್ನ ಗುಂಡಿ ಡಬ್ಬಿ ಖಾಲಿ ಮಾಡಿ ತಂದಿದ್ದೆ. ಹೊಲಿಗೆ ಕಲಿತ ವರ್ಷ ಅವ್ವ ಕೊಟ್ಟ ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಸುತ್ತಲೂ ಗುಲಾಬಿ ಹೂವಿನ ಬಳ್ಳಿ. ಮುಚ್ಚಳ ಇಲ್ಲ. ಅದೇ ವರ್ಷ ದಸರೆಯ ಹೊತ್ತಿಗೆ ಮಾಯವಾಗಿತ್ತು. ಅಣ್ಣನೇ ಚಕ್ರ ಮಾಡಿ ಆಡಲು ಕದ್ದನೆಂದು ಹೊಲಿಗೆ ಸ್ಕೇಲಿನಿಂದ ಬಾರಿಸಿದ್ದೆ. ಇಪ್ಪತ್ತೆರಡು ವರ್ಷದ ಗಂಡಸು ತಗಡಿನ ಚಕ್ರ ಆಡುತ್ತಾನೆಯೇ ಎಂದು ಯೋಚಿಸುವ ತಾಳ್ಮೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವನು ನನ್ನನ್ನು ಹೌಸಿಂಗ್ ಮುರಿದಾಕಿ ಎಂದರೆ ನಾನು ಅವನನ್ನು ಮುಚ್ಚಳ ಕಳ್ಳ ಎನ್ನುತ್ತಿದ್ದೆ.

ಇಂಜಿನ್ನಿನಿಂದ ಬರುವ ಉದ್ದದ ಸರಳನ್ನು ಬಿಡಿಸುವಾಗ ನಟ್ಟು ಜಪ್ಪಯ್ಯ ಎನ್ನಲಿಲ್ಲ. ನಮ್ಮ ಮನೆಯವರು ಕೆಂಪಗಾಗಿ ಎಳೆಯುತ್ತಿದ್ದರು. ಬೆನ್ನು ತಿರುಗಿಸಿಕೊಂಡೇ ಅಪ್ಪ ಹೇಳಿದ: "ಅಳಿಯಂದ್ರೇ, ಬಿಗಿ ಮಾಡ್ತಿದೀರಿ. ಆ ಕಡೆ ತಿರುಗಿಸ್ರಿ." ಪೇಪರ್ ಓದುತ್ತಿದ್ದವನ ಕಿವಿ ಎಲ್ಲಿತ್ತು ನೋಡಿ!

ಕೊನೆಗೆ ಸುತ್ತಲ ನಟ್ಟು ತೆಗೆದು, ಕೆಳಗೆ ಹಳೆಯ ಕೌದಿ ಹಾಸಿ, ಇಬ್ಬರೂ ಮಲಗಿಕೊಂಡು ಇಡೀ ಗಂಟನ್ನು ಮುಂದಕ್ಕೆ ಎಳೆದು ಇಳಿಸಿದೆವು. ಹೊಟ್ಟೆಯ ಮೇಲೆ ಬಂದು ಕೂರುವಷ್ಟು ಭಾರ. ಹೊರಗೆ ಬಿಸಿಲಿಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದೆ. ಮೊದಲ ಹಲ್ಲಿಗೆ ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿ, ಕ್ರೌನನ್ನು ತಿರುಗಿಸುತ್ತಾ ಒಂದೊಂದೇ ಹಲ್ಲು ಬೆರಳಿನಿಂದ ಸವರಿ ನೋಡಿದೆ. ಒಂದು ಬದಿ ಸವೆದು ಹೊಳೆಯುತ್ತಿದ್ದವು. ಸುತ್ತು ಮುಗಿದು ಸುಣ್ಣದ ಗುರುತು ಮತ್ತೆ ಬಂತು. ಒಂದೇ ಒಂದು ಹಲ್ಲೂ ಮುರಿದಿರಲಿಲ್ಲ. ಒಂದು ಮೂಲೆಯೂ ಚಕ್ಕೆ ಎದ್ದಿರಲಿಲ್ಲ.

ನಾನು ಅಲ್ಲೇ ಕೌದಿಯ ಮೇಲೆ ಕೂತುಬಿಟ್ಟೆ. ಅಳು ಬಂತು. ಹೇಳಲು ನಾಚಿಕೆ ಇಲ್ಲ, ಸೀಮೆಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ.

"ಹಂಗಾದ್ರೆ ಸದ್ದು ಎಲ್ಲಿಂದ?" ಎಂದರು ನಮ್ಮ ಮನೆಯವರು. ಸರಿಯಾದ ಪ್ರಶ್ನೆಯೇ. ಕ್ರೌನನ್ನು ಹಿಡಿದು ಅಲುಗಾಡಿಸಿದರೆ ಗಡಗಡ ಅಲ್ಲಾಡುತ್ತಿತ್ತು. ಅದರ ಎರಡು ಪಕ್ಕದ ಬೇರಿಂಗುಗಳ ಒತ್ತಿಗೆ ತೆಳುವಾದ ಉಕ್ಕಿನ ಬಳೆಗಳಿರುತ್ತವೆ. ಶಿಮ್ ಎನ್ನುತ್ತಾರೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಹಲ್ಲುಗಳು ಸರಿಯಾಗಿ ಕಚ್ಚುವುದಿಲ್ಲ. ಬಲಗಡೆಯದು ಸರಿಯಿತ್ತು. ಎಡಗಡೆಯ ಬೇರಿಂಗನ್ನು ಎತ್ತಿದೆ. ಅದರ ಹಿಂದಿನಿಂದ ಬಂದದ್ದು ಶಿಮ್ ಅಲ್ಲ. ಕತ್ತರಿಯಿಂದ ಕತ್ತರಿಸಿದ, ಅಂಚು ಅಂಕುಡೊಂಕಾದ, ಸವೆದು ಬಿರುಕು ಬಿಟ್ಟ ತಗಡಿನ ಬಳೆ. ಒಂದು ಕಡೆ ನಾಲಿಗೆಯಷ್ಟು ತುಂಡು ಹೊರಗೆ ಉಳಿದಿತ್ತು. ಅದರ ಮೇಲಿನ ಎಣ್ಣೆ ಒರೆಸಿದೆ. ಗುಲಾಬಿ ಬಣ್ಣದ ಅರ್ಧ ಎಸಳು, ಒಂದು ಹಸಿರು ಎಲೆ.

ಪಕ್ಕದಲ್ಲಿದ್ದ ಗುಂಡಿ ಡಬ್ಬಿಯನ್ನು ಎತ್ತಿಕೊಂಡು ಹೂವಿಗೆ ಹೂವು ಹಿಡಿದು ನೋಡಿದೆ. ಅದೇ.

ಲೆಕ್ಕ ಹಾಕಲು ನನಗೆ ಯಾರೂ ಬೇಕಿರಲಿಲ್ಲ. ಮುಚ್ಚಳ ಹೋದದ್ದು ದಸರೆಯಲ್ಲಿ. ನಾನು ನ್ಯಾಮತಿಗೆ ಗಾಡಿ ಓಡಿಸಿದ್ದು ಅದೇ ವರ್ಷದ ದೀಪಾವಳಿ ಆದ ಮೇಲೆ.

"ಅಪ್ಪಾ, ಇತ್ತ ತಿರುಗು" ಎಂದೆ.

ಅಪ್ಪ ಪೇಪರ್ ಮಡಚಿದ. ಕುರ್ಚಿ ತಿರುಗಿಸಿ ಕೂತ. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಸಿಕ್ತಾ?" ಎಂದ. ಆಮೇಲೆ ನಿಧಾನಕ್ಕೆ ಹೇಳಿದ.

ಆಯುಧಪೂಜೆಯ ಹಿಂದಿನ ದಿನ ಹೌಸಿಂಗಿನಲ್ಲಿ ಸಣ್ಣ ಸದ್ದು ಇದೆಯೆಂದು ಒಬ್ಬನೇ ಬಿಚ್ಚಿದ್ದನಂತೆ. ಬೇರಿಂಗ್ ಕೀಳುವಾಗ ಶಿಮ್ ಹರಿದುಹೋಯಿತು. ಸಂಜೆ ಆಗುತ್ತಿತ್ತು. ಹಬ್ಬದ ಗದ್ದಲದಲ್ಲಿ ದಾವಣಗೆರೆಗೆ ಹೋಗಿ ತರುವಂತಿರಲಿಲ್ಲ. ಇತ್ತ ಅವ್ವ ಮರದ ಹಲಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮನೆಯಲ್ಲಿ ದೀಪ ಹಚ್ಚುವುದರೊಳಗೆ ಪಾನಾಗಳೆಲ್ಲ ತೊಳೆದು, ವಿಭೂತಿ ಹಚ್ಚಿಸಿಕೊಂಡು ಹಲಗೆಯ ಮೇಲೆ ಕೂರಬೇಕು. ಒಮ್ಮೆ ಕೂತವೆಂದರೆ, ಮೂರನೇ ದಿನ ಸಂಜೆ ಬನ್ನಿ ಹಂಚುವವರೆಗೂ ಮುಟ್ಟುವಂತಿಲ್ಲ. ಮುಟ್ಟಿದರೆ ಅವ್ವ ಸುಮ್ಮನಿರುವ ಪೈಕಿಯಲ್ಲ. ಪೂಜೆಯ ದಿನ ಗಾಡಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದರೆ ಇನ್ನೂ ಅಪಶಕುನ. ವಿಜಯದಶಮಿಯ ಬೆಳಿಗ್ಗೆ ಮದುವೆ ಮಾತುಕತೆಗೆ ಹೋಗುವವರ ಬಾಡಿಗೆ ಬೇರೆ ಒಪ್ಪಿಕೊಂಡಿದ್ದ.

"ಎದುರಿಗೆ ನಿನ್ನ ಡಬ್ಬಿ ಇತ್ತು. ಮುಚ್ಚಳ ತಗಂಡೆ, ಕತ್ತರಿಸ್ದೆ, ತುರುಕಿದೆ" ಎಂದ ಅಪ್ಪ. "ಹಬ್ಬ ಕಳೀಲಿ, ಬಿಚ್ಚಿ ಸರಿಯಾದ್ದು ಹಾಕೋಣ ಅಂದ್ಕಂಡೆ. ಗಾಡಿ ಬೆಣ್ಣೆ ಹಂಗೆ ಓಡ್ತು. ಬಿಟ್ಟುಬಿಟ್ಟೆ."

"ನ್ಯಾಮತ್ಯಾಗೆ ಸದ್ದು ಬಂದ್ಮ್ಯಾಲಾದ್ರೂ ಬಿಚ್ಚಬೇಕಾಗಿತ್ತಲ್ಲ?"

"ಗ್ಯಾರೇಜ್ನಾಗೆ ಬಿಚ್ಚಿದ್ರೆ ಹೂವು ಕಾಣ್ತಿತ್ತಲ್ಲವ್ವ. ಊರಿಗೆಲ್ಲ ಬೇರಿಂಗ್ ಹೇಳಾನು, ತನ್ನ ಗಾಡಿಗೆ ಬಿಸ್ಕತ್ ಡಬ್ಬಿ ತುರುಕ್ಯಾನೆ ಅಂತಿದ್ರು. ನಾನೇ ಬಿಚ್ಚಾನ ಅಂದ್ರೆ ನನ್ನ ಕೈ ಮ್ಯಾಲೆ ನನಗೇ ನಂಬಿಕೆ ಹೋಗಿತ್ತು."

ನನಗೆ ಎಲ್ಲಿತ್ತೋ ಸಿಟ್ಟು! ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಬಡಿದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾತಲ್ಲಪ್ಪಾ! ಮೂವತ್ತ್ಮೂರು ವರ್ಷ! ಒಂದು ಮಾತು, ಒಂದೇ ಒಂದು ಮಾತು ಹೇಳಾಕೆ ನಿನಗೆ ಏನಾಗಿತ್ತು?" ಎಂದು ಕೂಗಿ ಒಳಗೆ ಹೋದೆ. ಬಾಗಿಲನ್ನೂ ಬಡಿದೆ.

ಎರಡು ದಿನ ಅಪ್ಪನ ಜೊತೆ ಮಾತಿಲ್ಲ. ಅಡಿಗೆ ಮಾಡಿದೆ, ರೊಟ್ಟಿಗೆ ಅವನಿಗಿಷ್ಟವೆಂದು ಎಣ್ಣೆಗಾಯಿ ಪಲ್ಯವನ್ನೂ ಮಾಡಿದೆ, ಆದರೆ ತಟ್ಟೆಯನ್ನು ಟಪ್ಪೆಂದು ಇಟ್ಟೆ. "ಊಟಕ್ಕೆ ಬರಬೇಕಂತೆ ಅಂತ ಹೇಳ್ರಿ" ಎಂದು ನಮ್ಮ ಮನೆಯವರಿಗೆ ಹೇಳುವುದು. ಅಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದ. ನಮ್ಮ ಮನೆಯವರು ಗಂಭೀರವಾಗಿ ತಿರುಗಿ, "ಮಾವಾರೇ, ಊಟಕ್ಕೆ ಬರಬೇಕಂತ್ರಿ" ಎನ್ನುತ್ತಿದ್ದರು. ಎರಡನೇ ರಾತ್ರಿ ಅವರೇ ಕೇಳಿದರು: "ಅಲ್ಲ, ಅವರು ಒಂದ್ಸಲನಾದ್ರೂ ನೀನು ಮುರಿದೆ ಅಂದಿದ್ರಾ?"

ಯೋಚಿಸಿದೆ. ಇಲ್ಲ. ಅಂದವನು ಅಣ್ಣ. ಒಪ್ಪಿಕೊಂಡವಳು ನಾನು. ಅಪ್ಪನ ಎದುರಿಗೆ ನಿಂತು ಒಮ್ಮೆಯೂ ನಾನು ಕೇಳಿರಲಿಲ್ಲ. ಅವನಿಗೆ ಹೇಳಲು ನಾಚಿಕೆ, ನನಗೆ ಕೇಳಲು ಭಯ. ಇಬ್ಬರೂ ಒಂದೇ ಮನೆಯಲ್ಲಿ ಅನ್ನ ತಿಂದೆವು.

ಮೂರನೇ ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಪ್ಪ ಕೌದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕ್ರೌನಿನ ಒಂದೊಂದು ಹಲ್ಲನ್ನೂ ಉಜ್ಜುತ್ತಿದ್ದ.  ಬ್ರಶ್ಶು ಸರಿಯಾದ ಸಂದಿಗೇ ಹೋಗುತ್ತಿತ್ತು. ಕಾಫಿ ತಂದು ಪಕ್ಕದಲ್ಲಿಟ್ಟೆ. ಮೆಲ್ಲಗೇ ಇಟ್ಟೆ.

"ಹೊಟ್ಟೆಗೆ ಹಾಕ್ಕಳವ್ವ" ಎಂದ, ತಲೆ ಎತ್ತದೆ.

"ಕಾಫಿ ಆರ್ತೈತೆ, ಕುಡಿ" ಎಂದೆ. ನಮ್ಮ ಮನೆಯಲ್ಲಿ ಕ್ಷಮೆಯ ವ್ಯವಹಾರ ಇಷ್ಟೇ.

ದಾವಣಗೆರೆಯ ಹಳೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಹೊಸ ಬೇರಿಂಗೂ ಬೇರೆ ಬೇರೆ ದಪ್ಪದ ಶಿಮ್‌ಗಳೂ ಸಿಕ್ಕವು. ಎಷ್ಟು ದಪ್ಪದ್ದು ಹಾಕಬೇಕೆಂದು ನೋಡಲು ಫೋನಿನ ಮುದುಕನ ಹತ್ತಿರ ನೀಲಿ ಬಣ್ಣದ ಏನೋ ಟ್ಯೂಬಿತ್ತು. ಅದಿಲ್ಲದೆ ಹೇಗೆ ಎಂದು ನಮ್ಮ ಮನೆಯವರು ಚಿಂತೆಗೆ ಬಿದ್ದರು. ಅಪ್ಪ ನಕ್ಕ. "ದೇವರ ಗೂಡಿನಾಗಿಂದ ಕುಂಕುಮ ತಾರವ್ವ. ಒಂಚೂರು ಹರಳೆಣ್ಣೆ" ಎಂದ. ಅಂಗೈಯಲ್ಲೇ ಎರಡನ್ನೂ ಕಲಸಿ, ಕಡ್ಡಿಗೆ ಬಟ್ಟೆ ಸುತ್ತಿ ನನಗೆ ಕೊಟ್ಟ. ನಾನು ನಾಲ್ಕೈದು ಹಲ್ಲಿಗೆ ಹಚ್ಚಿದೆ. ಪಿನಿಯನ್ನನ್ನು ಹಿಡಿದು ಕ್ರೌನನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿದರೆ, ಹಲ್ಲಿಗೆ ಹಲ್ಲು ಒತ್ತಿದ ಜಾಗದಲ್ಲಿ ಕುಂಕುಮ ಅಳಿಸಿ ಉಕ್ಕು ಕಾಣುತ್ತದೆ. ಆ ಗುರುತು ಹಲ್ಲಿನ ನಡುವೆ ಬಂದರೆ ಸರಿ, ಅಂಚಿಗೆ ಬಂದರೆ ತಪ್ಪು.

ಮೊದಲ ಸಲ ಅಂಚಿಗೆ ಬಂತು. ಶಿಮ್ ಬದಲಿಸಿ ಮತ್ತೆ ಹಚ್ಚಿದೆ. ಮತ್ತೆ ಅಂಚಿಗೆ, ಈ ಸಲ ಇನ್ನೊಂದು ಕಡೆ. ಐದನೆಯ ಸಲಕ್ಕೆ ಕುಂಕುಮದ ಬಟ್ಟಲು ಅರ್ಧವಾಗಿತ್ತು. ಅಪ್ಪ ಕನ್ನಡಕ ಹಣೆಗೇರಿಸಿ, ಹಲ್ಲಿಗೆ ಮೂಗು ತಾಗುವಷ್ಟು ಬಾಗಿ ನೋಡಿದ. ಕಣ್ಣು ಮಂಜು. ಹೆಬ್ಬೆರಳಿನಿಂದ ಸವರಿದ. "ನಡುವೆ ಐತಾ? ನೀನು ನೋಡಿ ಹೇಳು" ಎಂದ.

"ನಡುವೆ ಐತೆ."

"ನೀನು ಹೇಳಿದ್ಮ್ಯಾಲೆ ಮುಗೀತು. ಬಿಗಿ ಮಾಡು." ಊರಿನ ಡ್ರೈವರುಗಳೆಲ್ಲ ಯಾರ ಮಾತಿಗೆ ಕಾಯುತ್ತಿದ್ದರೋ ಅವನು ನನ್ನ ಮಾತಿಗೆ ಕಾದದ್ದು ಕಂಡು ನನಗೆ ಎಷ್ಟು ಹಿಗ್ಗಾಯಿತೆಂದರೆ, ನಟ್ಟನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚೇ ತಿರುಗಿಸಿಬಿಡುತ್ತಿದ್ದೆ. ಅಪ್ಪ ಮೊಣಕೈ ಹಿಡಿದು ನಿಲ್ಲಿಸಿದ.

ಗಾಡಿ ಜೋಡಿಸಿ, ಹೊಸ ಎಣ್ಣೆ ಹಾಕಿ, ಊರ ಹೊರಗೆ ಎರಡು ದಿನ ಆ ಮೆಕ್ಯಾನಿಕ್ಕಿನಿಂದಲೇ ಓಡಿಸಿ ನೋಡಿದೆವು. ಊಳಿನ ಸದ್ದು ಇಲ್ಲ. ಮರುವಾರ ಜಗಳೂರಿಗೆ ಹೊರಟೆವು. ಅಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಯಾರೂ ಹೇಳದೆ, ಎಡಗಡೆಯ ಬಾಗಿಲು ತೆರೆದು ಕೂತ. ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟ. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಬಾಳೆಗೊನೆಯ ಜೊತೆ.

ದಾವಣಗೆರೆ ದಾಟಿ, ಬಿಳಿಚೋಡಿನ ಹತ್ತಿರ ಒಂದು ಏರಿನಲ್ಲಿ ಕುರಿ ಹಿಂಡು ರಸ್ತೆಗೆ ಬಂತು. ನಿಲ್ಲಿಸಿದೆ. ಕುರಿಗಳು ಹೋದವು. ಗಾಡಿ ಹಿಂದಕ್ಕೆ ಒಂದಿಷ್ಟು ಜಾರಿತು.  ಕ್ಲಚ್ಚನ್ನು ಒಂದೊಂದು ಕೂದಲಿನಷ್ಟೇ ಬಿಟ್ಟೆ. ಗಾಡಿ ಸದ್ದಿಲ್ಲದೆ ಮೇಲೇರಿತು. ಅಪ್ಪ ರಸ್ತೆಯನ್ನೇ ನೋಡುತ್ತಾ ಹೇಳಿದ:

"ಕೀಲಿ ಕೊಡ್ಲಿಲ್ಲ ಅಂತ ನಿನಗೆ ಸಿಟ್ಟು. ಗೊತ್ತಿತ್ತು. ಒಳಗಿರೋದು ತಗಡು ಅಂತ ನನಗೆ ಗೊತ್ತಲ್ಲ. ಯಾವತ್ತು ಕಿತ್ಕಂಡು ಚಕ್ರ ಹಿಡ್ಕಂಬಿಡ್ತೈತೋ. ಬಾಡಿಗೆಗೆ ಜನರನ್ನ ಕೂರಿಸಾಕೆ ಧೈರ್ಯ ಬರ್ಲಿಲ್ಲ, ಬೋರ್ಡ್ ತೆಗೆಸ್ದೆ. ಇನ್ನು ನಿನ್ನನ್ನ ಹೆಂಗೆ ಕೂರಿಸ್ಲವ್ವ ಅದ್ರಾಗೆ?"

ರಸ್ತೆ ಮಸುಕಾಯಿತು. ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಹಿಂದಿನಿಂದ ನಮ್ಮ ಮನೆಯವರು ಒಂದು ಬಾಳೆಹಣ್ಣು ಸುಲಿದು ಕೊಟ್ಟರು. ಅವರಿಗೆ ಬೇರೇನೂ ತೋಚಲಿಲ್ಲ.

ಜಗಳೂರಿನಲ್ಲಿ ಹಾರನ್ನು ಕೇಳಿದ್ದೇ ಅಣ್ಣ ಅಂಗಡಿಯಿಂದ ಓಡಿ ಬಂದ. ಅಪ್ಪನನ್ನು ಕಂಡು ಅವನ ಮುಖ ಅರಳಿತು. ಆಮೇಲೆ ಸ್ಟೇರಿಂಗಿನಲ್ಲಿ ನನ್ನನ್ನು ಕಂಡ. "ಅಯ್ಯಯ್ಯೋ, ಹೌಸಿಂಗ್ ಮುರಿದಾಕಿ ಕೈಗೆ ಗಾಡಿ ಕೊಟ್ಟೀಯಲ್ಲಪ್ಪಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಮೊಮ್ಮಕ್ಕಳು, ಅತ್ತಿಗೆ, ಗೊಬ್ಬರಕ್ಕೆ ಬಂದಿದ್ದ ರೈತರು, ಎಲ್ಲ ನಕ್ಕರು.

ಅಪ್ಪ ಇಳಿಯಲಿಲ್ಲ. ಕಿಟಕಿಯಿಂದ ಅಣ್ಣನನ್ನು ಹತ್ತಿರ ಕರೆದ. ಅಂಗಿ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವನ ಅಂಗೈ ಮೇಲೆ ಬಿಚ್ಚಿದ. ತಗಡಿನ ಬಳೆ, ಗುಲಾಬಿಯ ಅರ್ಧ ಎಸಳು.

"ಇದು ನಿನ್ನ ತಂಗಿ ಡಬ್ಬಿ ಮುಚ್ಚಳ. ಕದ್ದಾವ ನಾನು. ಹೌಸಿಂಗ್ ಕೆಡಿಸ್ದಾವನೂ ನಾನೇ. ಇಬ್ರೂ ಇನ್ನು ಸುಮ್ಕಿರ್ರಿ" ಎಂದ. ರೈತರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ.

ಅಣ್ಣ ಬಳೆಯನ್ನು ನೋಡಿದ, ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. "ಹಂಗಾದ್ರೆ ಸ್ಕೇಲ್‌ನಾಗೆ ನನಗೆ ಬಿದ್ದ ಏಟು?" ಎಂದ.

"ಬಾ, ನನಗೆ ವಾಪಸ್ ಹೊಡಿ" ಎಂದೆ. ಹೊಡೆಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಏನ್ ಅಂದ್ಕಬ್ಯಾಡ" ಎಂದಷ್ಟೇ ಹೇಳಿ, ಅಪ್ಪನನ್ನು ಇಳಿಸಿಕೊಂಡು ಒಳಗೆ ಕರೆದೊಯ್ದ.

ಎರಡು ದಿನ ಇದ್ದೆವು. ಮೂರನೇ ದಿನ ಊಟ ಮುಗಿಸಿ ಬಿಸಿಲು ತಗ್ಗುವ ಹೊತ್ತಿಗೆ ಹೊರಟೆವು. ಅಪ್ಪ ಮರಿಮಕ್ಕಳ ಬಗ್ಗೆ ಏನೋ ಹೇಳುತ್ತಿದ್ದ. ಬಿಳಿಚೋಡು ದಾಟಿದ ಮೇಲೆ ಮಾತು ನಿಂತಿತು. ಹಿಂದಿನ ಹೌಸಿಂಗಿನ ಸದ್ದು ಕೇಳುತ್ತಿದ್ದಾನೆ ಎಂದುಕೊಂಡು ತಿರುಗಿ ನೋಡಿದೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಸ್ಪೀಡಿನ ಮುಳ್ಳು ಅರವತ್ತರ ಮೇಲಿತ್ತು. ಅಪ್ಪ ಗೊರಕೆ ಹೊಡೆಯುತ್ತಿದ್ದ.